ಅಜ್ಜನ ವಿಮಾನದ ಮೀಟರ್: ಮಾರಬೇಕೇ, ಇಡಬೇಕೇ, ಕೊಡಬೇಕೇ?



ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ ಗಡಿಯಾರದ ಹಾಗಿರುವ ಒಂದು ವಸ್ತು ಉಂಟು. ಬಂದ ನೆಂಟರೆಲ್ಲ "ಇದೆಂತ, ಹಾಳಾದ ಗಡಿಯಾರವಾ?" ಎಂದು ಕೇಳುತ್ತಾರೆ. ಅದು ಗಡಿಯಾರ ಅಲ್ಲ. ಹಳೇ ವಿಮಾನದಲ್ಲಿ ಪೈಲಟನ ಎದುರು ಇರುತ್ತಿದ್ದ ಎತ್ತರ ತೋರಿಸುವ ಮೀಟರ್. ಇದಕ್ಕೆ ಆಲ್ಟಿಮೀಟರ್ ಎನ್ನುತ್ತಾರೆ. ನನ್ನ ಅಜ್ಜ ಪ್ರಾಯದಲ್ಲಿ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಆಗ ಚೋರ್ ಬಜಾರಿನ ಗುಜರಿ ರಾಶಿಯಿಂದ ಇದನ್ನು ಆರಿಸಿ ತಂದದ್ದಂತೆ.

ಕಳೆದ ತಿಂಗಳು ಹಳೇ ಸಾಮಾನು ಸಂಗ್ರಹಿಸುವ ಒಬ್ಬರು ಮನೆಗೆ ಬಂದರು. ಅದನ್ನು ನೋಡಿ "ಎಂಟು ಸಾವಿರ ಕೊಡ್ತೇನೆ" ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಮೂರು ಪಕ್ಷ ಆಗಿದೆ. ಚಿಕ್ಕಪ್ಪ ಮಾರುವ ಪಕ್ಷ. ಅಜ್ಜ ಇಟ್ಟುಕೊಳ್ಳುವ ಪಕ್ಷ. ನಾನು ದಾನ ಕೊಡುವ ಪಕ್ಷ. ಯಾಕೆ ಎಂದು ಹೇಳುತ್ತೇನೆ.

ಮೊದಲು ಆ ಮೀಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿ. ಅದರೊಳಗೆ ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಡಬ್ಬಿ ಇರುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಆಗ ಡಬ್ಬಿ ಸ್ವಲ್ಪ ಉಬ್ಬುತ್ತದೆ. ಆ ಉಬ್ಬು ಸಣ್ಣ ಹಲ್ಲಿನ ಚಕ್ರಗಳ ಮೂಲಕ ಮುಳ್ಳನ್ನು ತಿರುಗಿಸುತ್ತದೆ. ಉದ್ದ ಮುಳ್ಳು ಒಂದು ಸುತ್ತು ಬಂದರೆ 1000 ಅಡಿ. ಸಣ್ಣ ಮುಳ್ಳು ಎಷ್ಟು ಸಾವಿರ ಎಂದು ತೋರಿಸುತ್ತದೆ. ಹೋದ ವರ್ಷ ಅತ್ತೆ ಮನೆಗೆ ಚಾರ್ಮಾಡಿ ಘಾಟಿಯಲ್ಲಿ ಹೋಗುವಾಗ ಅಜ್ಜ ಅದನ್ನು ಚೀಲದಲ್ಲಿ ಹಾಕಿ ತಂದರು. ಉಜಿರೆಯಲ್ಲಿ ಸೊನ್ನೆಗೆ ಇಟ್ಟೆವು. ಬಸ್ಸು ಒಂದೊಂದೇ ತಿರುವು ಹತ್ತುವಾಗ ಮುಳ್ಳು ಸರಿಯುತ್ತಾ ಹೋಯಿತು. ಕೊಟ್ಟಿಗೆಹಾರ ತಲುಪುವಾಗ ಸಣ್ಣ ಮುಳ್ಳು ಎರಡನ್ನು ದಾಟಿತ್ತು! ವಿಜ್ಞಾನ ಪಾಠದ ಗಾಳಿಯ ಒತ್ತಡ ನನಗೆ ನಿಜವಾಗಿ ಅರ್ಥವಾದದ್ದು ಆ ಬಸ್ಸಿನಲ್ಲಿ.

ಚಿಕ್ಕಪ್ಪ ಹೇಳುವುದರಲ್ಲಿ ಸುಳ್ಳಿಲ್ಲ. ನಮ್ಮ ಮಾಡಿನ ಹಂಚು ಒಡೆದಿದೆ. "ಹಂಚು ಹೊದೆಸಲಿಕ್ಕೆ ದುಡ್ಡಿಲ್ಲ, ಇವರಿಗೆ ದಾನ. ಮನೆಗೆ ಮಾರಿ ಊರಿಗೆ ಉಪಕಾರಿ ಆಗ್ಬೇಡ ಮಾರಾಯ" ಎಂದು ನನಗೆ ಬೈದರು. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾನೂನು ಉಂಟು. ಇದು ಅಷ್ಟು ಹಳತಲ್ಲ. ಹಾಗಾಗಿ ಮಾರಿದರೆ ತಪ್ಪೆಂದು ಕಾನೂನು ಹೇಳುವುದಿಲ್ಲ. ನಾವೇ ಯೋಚಿಸಿ ತೀರ್ಮಾನ ಮಾಡಬೇಕು.

ನಾನು ಅಜ್ಜನ ಹತ್ತಿರ ಕೇಳಿದೆ, "ಇದು ಯಾವ ವಿಮಾನದ್ದು ಅಜ್ಜ?" ಅಜ್ಜನಿಗೆ ಗೊತ್ತಿಲ್ಲ. ಗುಜರಿಯವನಿಗೂ ಗೊತ್ತಿರಲಿಲ್ಲವಂತೆ. ಯುದ್ಧಕ್ಕೆ ಹೋದ ವಿಮಾನವೋ, ಜನರನ್ನು ಸಾಗಿಸಿದ್ದೋ, ಯಾರು ಹೇಳಬೇಕು? ಕೈಯಿಂದ ಕೈಗೆ ಮಾರುವಾಗ ವಸ್ತು ಮಾತ್ರ ಬರುತ್ತದೆ, ಅದರ ಕಥೆ ಹಿಂದೆಯೇ ಉಳಿಯುತ್ತದೆ. ಇನ್ನೊಮ್ಮೆ ಮಾರಿದರೆ ಅಜ್ಜನ ಕಥೆಯೂ ಹೋಗುತ್ತದೆ. ಇದೇ ನನ್ನ ಮುಖ್ಯ ಕಾರಣ.

ಕಥೆ ಉಳಿದರೆ ಎಂತಾಗ್ತದೆ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ದೊಡ್ಡ ಬಾಂಬರ್ ವಿಮಾನಗಳನ್ನು ಕಾನ್ಪುರದಲ್ಲಿ ಹಾಳುಮಾಡಿ ಬಿಟ್ಟುಹೋಗಿದ್ದರು. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯವರು ಅವುಗಳಲ್ಲಿ ಸುಮಾರು 40 ವಿಮಾನಗಳನ್ನು ರಿಪೇರಿ ಮಾಡಿ ಪುನಃ ಹಾರಿಸಿದರು. ನಮ್ಮ ವಾಯುಪಡೆ ಅವನ್ನು 1968ರವರೆಗೆ ಬಳಸಿತು. ಆಮೇಲೆ ನಮ್ಮ ದೇಶ ಒಂದನ್ನು ಇಂಗ್ಲೆಂಡಿನ ವಾಯುಪಡೆ ಮ್ಯೂಸಿಯಮ್ಮಿಗೆ ಕೊಟ್ಟಿತು. ದೆಹಲಿಯ ಪಾಲಂ ಮ್ಯೂಸಿಯಮ್ಮಿನಲ್ಲೂ ಒಂದು ಉಂಟು. ಗುಜರಿಗೆ ಹೋಗಬೇಕಾಗಿದ್ದ ವಿಮಾನವನ್ನು ಇವತ್ತು ಜನ ಹೋಗಿ ನೋಡುತ್ತಾರೆ.

ಎರಡನೆಯದು ಡಕೋಟಾ ವಿಮಾನ. 1951ರ ಡಿಸೆಂಬರ್ 25ರಂದು ನಮ್ಮ ಬಜಪೆ ವಿಮಾನ ನಿಲ್ದಾಣ ಶುರುವಾದಾಗ ಪ್ರಧಾನಿ ನೆಹರೂ ಬಂದಿಳಿದದ್ದು ಡಕೋಟಾದಲ್ಲೇ. ಆ ಜಾತಿಯ ಒಂದು ಹಳೇ ವಿಮಾನವನ್ನು ಆಗ ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಕೊಂಡು, ಇಂಗ್ಲೆಂಡಿನಲ್ಲಿ ಸರಿಮಾಡಿಸಿ, 2018ರಲ್ಲಿ ವಾಯುಪಡೆಗೆ ಉಡುಗೊರೆ ಕೊಟ್ಟರು. ಅವರ ತಂದೆ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. 1947ರಲ್ಲಿ ನಮ್ಮ ಸೈನಿಕರನ್ನು ಮೊದಲು ಶ್ರೀನಗರಕ್ಕೆ ಒಯ್ದ ಡಕೋಟಾದ ನಂಬರನ್ನೇ ಇದಕ್ಕೂ ಕೊಟ್ಟರು. ಹೆಸರು ಎಂತ ಗೊತ್ತುಂಟಾ? ಪರಶುರಾಮ! ನಮ್ಮ ತುಳುನಾಡು ಪರಶುರಾಮ ಸೃಷ್ಟಿ ಎಂದು ಹಿರಿಯರು ಹೇಳುತ್ತಾರಲ್ಲ, ಅದೇ ಹೆಸರು.

"ಅವರು ಶ್ರೀಮಂತರು, ಕೊಟ್ಟರು. ನಾವು ಎಂತ ಕೊಡುವುದು?" ಎಂದು ನೀವು ಕೇಳಬಹುದು. ಸರಿಯೇ. ಕಷ್ಟದಲ್ಲಿರುವವರು ಮಾರಿದರೆ ನಾನು ತಪ್ಪು ಹೇಳುವುದಿಲ್ಲ. ಆಸ್ಪತ್ರೆ ಖರ್ಚಿಗೆ ಬೇಕಾದರೆ ನಾನೇ ಮಾರಿ ಎನ್ನುತ್ತಿದ್ದೆ. ಆದರೆ ಮಾರುವುದಾದರೂ ಬಿಚ್ಚಿ ತುಂಡು ಮಾಡದೆ ಇಡಿಯಾಗಿ ಮಾರಬೇಕು. ಅದರ ವಿಷಯ ಒಂದು ಕಾಗದದಲ್ಲಿ ಬರೆದು ಜೊತೆಗೇ ಕೊಡಬೇಕು. ನಮ್ಮ ಮನೆಯ ಕಷ್ಟ ಹಂಚಿನ ಕಷ್ಟ. ಸೋರುವುದು ನಾನು ಮಲಗುವ ಕೋಣೆಯೇ. ಇನ್ನೊಂದು ಮಳೆಗಾಲ ಬಾಲ್ದಿ ಇಟ್ಟು ಮಲಗಲು ನಾನು ತಯಾರು. ಅಡಿಕೆ ಮಾರಿದ ಮೇಲೆ ಹಂಚು ಹೊದೆಸಬಹುದು.

ಹಾಗಾದರೆ ಅಜ್ಜ ಹೇಳುವ ಹಾಗೆ ಮನೆಯಲ್ಲೇ ಇಟ್ಟರೆ ಆಗದಾ? ಅದಕ್ಕೂ ಎರಡು ತೊಂದರೆ. ಒಂದು, ನಮ್ಮ ಊರಿನ ಮಳೆಗೆ ಲೋಹ ತುಕ್ಕು ಹಿಡಿಯುತ್ತದೆ. ಎರಡು, ವಿಜ್ಞಾನದ ಮೇಷ್ಟ್ರು ಹೇಳಿದ್ದು. ಆ ಕಾಲದ ಕೆಲವು ಮೀಟರುಗಳಲ್ಲಿ ಕತ್ತಲೆಯಲ್ಲಿ ಮುಳ್ಳು ಕಾಣಲೆಂದು ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಹೋದರೂ ರೇಡಿಯಂ ಹೋಗುವುದಿಲ್ಲ. ಅದು ಅರ್ಧ ಆಗಲಿಕ್ಕೇ ಸುಮಾರು 1600 ವರ್ಷ ಬೇಕು. ಗಾಜು ಒಡೆದು ಆ ಹುಡಿ ಮೂಗಿಗೆ ಬಾಯಿಗೆ ಹೋದರೆ ಅಪಾಯ. ಇದನ್ನು ಕೇಳಿದ ಮೇಲೆ ನಾನು ಮೀಟರನ್ನು ಮುಟ್ಟಲಿಲ್ಲ. ಹಾಗಾಗಿ ಶಾಲೆಗೂ ಬೇಡ, ತಿಳಿದವರಿರುವ ಸಂಗ್ರಹಾಲಯವೇ ಸರಿ.

ಬೆಂಗಳೂರಿನಲ್ಲಿ 2001ರಲ್ಲಿ ಶುರುವಾದ ಎಚ್.ಎ.ಎಲ್. ಸಂಗ್ರಹಾಲಯ ಉಂಟು. ನಮಗೆ ಹತ್ತಿರದಲ್ಲಿ ಧರ್ಮಸ್ಥಳದ ಮಂಜೂಷಾ ಉಂಟು. ಪ್ರವಾಸ ಹೋದಾಗ ಅಲ್ಲಿಯ ಹಳೇ ಗಡಿಯಾರ, ಕ್ಯಾಮೆರಾ ನೋಡುತ್ತಾ ನಾವೆಲ್ಲ ನಿಂತುಬಿಟ್ಟದ್ದು ನೆನಪುಂಟಲ್ಲ? ಕೊಡುವ ಮೊದಲು "ನಿಮಗೆ ಬೇಕಾ? ಜನ ನೋಡುವಲ್ಲಿ ಇಡ್ತೀರಾ?" ಎಂದು ಕಾಗದ ಬರೆದು ಕೇಳಬೇಕು. ಕೊಟ್ಟದ್ದಕ್ಕೆ ರಶೀದಿ ಪಡೆಯಬೇಕು. ಇಲ್ಲದಿದ್ದರೆ ಮನೆಯ ಅಟ್ಟದಿಂದ ಇನ್ನೊಂದು ಅಟ್ಟಕ್ಕೆ ಹೋದ ಹಾಗೆ.

ಇದನ್ನೆಲ್ಲ ಹೇಳಿದಾಗ ಅಜ್ಜ ತುಂಬಾ ಹೊತ್ತು ಮಾತಾಡಲಿಲ್ಲ. ಮತ್ತೆ ಹೇಳಿದರು, "ಕೊಡುವುದು ಆಮೇಲೆ ನೋಡುವ. ಮೊದಲು ನಾನು ಹೇಳಿದ್ದನ್ನು ಬರಿ." ಈಗ ದಿನಾ ರಾತ್ರಿ ಊಟ ಆದ ಮೇಲೆ ಬರೆಯುತ್ತಿದ್ದೇನೆ. ಹೋಟೆಲಿನ ಹೆಸರು, ಚೋರ್ ಬಜಾರಿನ ದಾರಿ, ಕೊಟ್ಟ ದುಡ್ಡು, ಎಲ್ಲ. ಎಂಟು ಪುಟ ಆಗಿದೆ. ಚಿಕ್ಕಪ್ಪ ಕೂಡ ಹತ್ತಿರ ಬಂದು ಕೂತು ಕೇಳುತ್ತಾರೆ.

ಗೆಳೆಯರೇ, ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದು ಏನಾದರೂ ಇರಬಹುದು. ಗುಜರಿಯವನು ಬರುವ ಮೊದಲು ಅದರ ಕಥೆಯನ್ನು ಹಿರಿಯರಲ್ಲಿ ಕೇಳಿ ಬರೆದಿಡಿ. ನನ್ನ ಅಭಿಪ್ರಾಯ ತಪ್ಪೆನಿಸಿದರೆ ಮುಂದಿನ ಸಂಚಿಕೆಗೆ ನೀವೂ ಬರೆಯಿರಿ.

– 7ನೇ ತರಗತಿಯ ವಿದ್ಯಾರ್ಥಿ, ಲಾಯಿಲ