ನೀತಿ ಪಾಠ ಬೇಕು ಸರಿ, ಹೇಳೋರು ಯಾರು?

ಹಿರೇಕೆರೂರು: ಹುಡುಗರು ಕೈ ಮೀರಿ ಹೊಂಟಾವ, ಸಾಲ್ಯಾಗ ನಾಲ್ಕು ಒಳ್ಳೇ ಮಾತು ಹೇಳೋರು ಬೇಕು ಅನ್ನೋ ಮಾತು ಚಹಾದಂಗಡಿಯಿಂದ ಸಂತೆವರೆಗೂ ಕೇಳಿಬರುತ್ತದೆ. ತಪ್ಪೇನಿಲ್ಲ. ಆದರೆ ಹೇಳೋರು ಯಾರು? ಮಾಸ್ತರರೋ, ಸ್ವಾಮೀಜಿಯವರೋ, ತರಬೇತಿ ಪಡೆದ ಆಪ್ತ ಸಮಾಲೋಚಕರೋ?

ಚರ್ಚೆ ಹೊಸದಲ್ಲ. 2022ರ ಮಾರ್ಚ್‌ನಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿಗೆ ಭಗವದ್ಗೀತೆ ಪಾಠ ಘೋಷಿಸಿದಾಗ, ಅಂದಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ರಾಜ್ಯದಲ್ಲೂ ನೈತಿಕ ಶಿಕ್ಷಣದ ಮಾತು ತೆಗೆದರು. 2023ರ ಜನವರಿಯಲ್ಲಿ ಮಠಾಧೀಶರು, ಶಿಕ್ಷಣ ತಜ್ಞರನ್ನು ಬೆಂಗಳೂರಿನಲ್ಲಿ ಕೂಡಿಸಿ ಸಭೆಯೂ ಆಯ್ತು. ಆಗ ಮುಖ್ಯಮಂತ್ರಿ ಇದೇ ಜಿಲ್ಲೆಯ ಶಿಗ್ಗಾವಿ ಶಾಸಕ ಬಸವರಾಜ ಬೊಮ್ಮಾಯಿ. ಸರ್ಕಾರ ಬದಲಾದ ಮೇಲೆ ಸಚಿವ ಮಧು ಬಂಗಾರಪ್ಪ ಕೂಡ ನೀತಿ ಪಾಠದ ಪರವಾಗೇ ಮಾತಾಡಿದ್ದಾರೆ. ಅಂದ್ರೆ ಇದು ಒಂದು ಪಕ್ಷದ ವಿಷಯ ಅಲ್ಲ.

ಕಾನೂನು ಏನು ಹೇಳುತ್ತೆ?

ಸಂವಿಧಾನದ 28ನೇ ವಿಧಿ ಸ್ಪಷ್ಟ ಇದೆ. ಪೂರ್ತಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. ಅನುದಾನಿತ ಅಥವಾ ಸರ್ಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಇದ್ದರೂ, ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಕೂರಿಸುವಂತಿಲ್ಲ. ಧರ್ಮಗಳ ಬಗ್ಗೆ ತಿಳಿಸೋದಕ್ಕೆ ಅಡ್ಡಿ ಇಲ್ಲ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಿಳಿಸೋದು ಬೇರೆ, ಬೋಧಿಸೋದು ಬೇರೆ.

ಹೊರದೇಶದಲ್ಲೂ ಇದೇ ಜಗಳ. ಅಮೆರಿಕದ ಟೆಕ್ಸಾಸ್ ರಾಜ್ಯ 2023ರಲ್ಲಿ ಸರ್ಕಾರಿ ಶಾಲೆಗಳಿಗೆ ಧರ್ಮಗುರುಗಳನ್ನು ತೆಗೆದುಕೊಳ್ಳಲು ಅವಕಾಶ ಕೊಟ್ಟಿತು. ಶಾಲಾ ಸಮಾಲೋಚಕರಿಗೆ ಬೇಕಾದ ಪ್ರಮಾಣಪತ್ರ ಅವರಿಗೆ ಬೇಕಿಲ್ಲ. ಆಸ್ಟ್ರೇಲಿಯಾ 2007ರಿಂದ ಅಂಥವರಿಗೆ ಸರ್ಕಾರದ ದುಡ್ಡು ಕೊಟ್ಟು, ಕೋರ್ಟ್ ಕಟ್ಟೆ ಹತ್ತಿ, ಕೊನೆಗೆ 2023ರಲ್ಲಿ ಧರ್ಮಗುರು ಬೇಡವೆಂದರೆ ಬೇರೆ ಸಿಬ್ಬಂದಿ ಇಟ್ಟುಕೊಳ್ಳಿ ಎಂದು ಆಯ್ಕೆಯನ್ನು ಶಾಲೆಗೇ ಬಿಟ್ಟಿತು.

ಇಲ್ಲಿನ ಲೆಕ್ಕ ಬೇರೆ

ಸಿದ್ಧಗಂಗಾ, ಸಿರಿಗೆರೆ, ಸುತ್ತೂರಿನಂಥ ಮಠಗಳು ಅನ್ನ, ಅಕ್ಷರ, ವಸತಿ ಕೊಟ್ಟಿದ್ದನ್ನು ಯಾರೂ ಮರೆಯೋ ಹಾಗಿಲ್ಲ. ಸ್ವಾಮೀಜಿಯೊಬ್ಬರು ಶಾಲೆಯ ವಾರ್ಷಿಕೋತ್ಸವಕ್ಕೆ ಬಂದು ಆಶೀರ್ವಾದದ ಮಾತು ಹೇಳಿದರೆ ಯಾರದೂ ತಕರಾರಿಲ್ಲ. ಆದರೆ ವಾರಕ್ಕೊಂದು ತಾಸು ಕೊಟ್ಟು, ಮಕ್ಕಳ ಮನಸ್ಸಿನ ಕಷ್ಟ ಕೇಳೋ ಜವಾಬ್ದಾರಿನೂ ಅವರಿಗೇ ಕೊಟ್ಟರೆ ಪ್ರಶ್ನೆ ಏಳುತ್ತದೆ. ಯಾವ ಮಠದವರು? ಮೌಲ್ವಿ, ಪಾದ್ರಿ ಬರಬಹುದಾ? ಬೇರೆ ಸಮಾಜದ ಹುಡುಗಿ ತನ್ನ ಮನೆ ಕಷ್ಟ ಅವರ ಮುಂದೆ ಬಾಯಿಬಿಟ್ಟಾಳಾ? ಮಾಸ್ತರರು ತಪ್ಪು ಮಾಡಿದ್ರೆ ಬಿಇಒ ಕೇಳ್ತಾರೆ, ಧರ್ಮಗುರುಗಳನ್ನ ಕೇಳೋರು ಯಾರು?

ಪರೀಕ್ಷೆ ಭಯ, ಅಪ್ಪನ ಕುಡಿತ, ಬಾಲ್ಯವಿವಾಹದ ಒತ್ತಡ: ಇವಕ್ಕೆ ಪ್ರವಚನ ಸಾಲೋದಿಲ್ಲ. ಕಷ್ಟ ಕೇಳಿ, ಗುಟ್ಟು ಕಾಪಾಡಿ, ಬೇಕಾದಾಗ ಮಕ್ಕಳ ಸಹಾಯವಾಣಿ 1098ಕ್ಕೆ ಮುಟ್ಟಿಸೋ ತರಬೇತಿ ಇದ್ದವರು ಬೇಕು.

ಸರ್ವಜ್ಞನ ಹೆಸರು ಹೇಳಿಕೊಳ್ಳುವ ಸೀಮೆ ಇದು. ಮಠ, ಜಾತಿ ನೋಡದೆ ನೀತಿ ಹೇಳಬಹುದು ಅಂತ ಇಲ್ಲಿನವರಿಗೆ ಯಾರೂ ಕಲಿಸಬೇಕಿಲ್ಲ. ಪ್ರತಿ ಸರ್ಕಾರಿ ಶಾಲೆಗೂ ಪಾಲಕರೇ ಇರೋ ಎಸ್‌ಡಿಎಂಸಿ ಇದೆ. ನೀತಿ ಪಾಠದ ಆದೇಶ ಊರಿಗೆ ಬಂದಾಗ ಸದಸ್ಯರು ಮೂರೇ ಪ್ರಶ್ನೆ ಕೇಳಿದರೆ ಸಾಕು: ಪಾಠ ಮಾಡೋರು ಯಾರು, ಪುಸ್ತಕ ಯಾವುದು, ಬೇಡ ಅನ್ನೋ ಮಗು ಆ ತಾಸಿನಲ್ಲಿ ಎಲ್ಲಿ ಕೂರುತ್ತೆ?