ಸರ್ಕಾರಿ ಸೈಕಲ್ಲಿಗೆ ಕಳೆಯಂತ್ರದ ಎಂಜಿನ್

ಮಂಡಗದ್ದೆಯ ಹೆದ್ದಾರಿಯಿಂದ ನಾಲ್ಕು ಕಿಲೋಮೀಟರ್ ಒಳಗಿರುವ ನಮ್ಮ ಕೇರಿಯಲ್ಲಿ ಕಳೆದ ಮಳೆಗಾಲಕ್ಕೆ ಸ್ವಲ್ಪ ಮುನ್ನ ಒಂದು ಹೊಸ ವಾಹನ ಹುಟ್ಟಿತು. ಹುಟ್ಟಿಸಿದವನು ಪಕ್ಕದ ಮನೆಯ ಹದಿನೇಳರ ಹುಡುಗ, ಪಿಯುಸಿ ವಿದ್ಯಾರ್ಥಿ. ಅವನ ಅಕ್ಕನಿಗೆ ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿತ್ತು. ಕಳೆ ಕೊಚ್ಚುವ ಯಂತ್ರವೊಂದು ಕೊಳವೆ ಬಾಗಿ ಅಟ್ಟ ಸೇರಿತ್ತು. ಮುರಿದ ಕಬ್ಬಿಣದ ಮಂಚದ ಪಟ್ಟಿಗಳನ್ನು ಕತ್ತರಿಸಿ, ಗೇಟು ಮಾಡುವ ಅಂಗಡಿಯಲ್ಲಿ ಬೆಸುಗೆ ಹಾಕಿಸಿ, ಆ ಎಂಜಿನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿದ. ಪೆಟ್ರೋಲಿಗೆ ಒಂದು ಪ್ಲಾಸ್ಟಿಕ್ ಬಾಟಲಿ. ಹಗ್ಗ ಎಳೆದೊಡನೆ ನೀಲಿ ಹೊಗೆ ಎದ್ದಿತು, ಸೈಕಲ್ ಓಡಿತು. ಮಕ್ಕಳು ಹಿಂದೆ ಓಡಿದರು.

ಪರಿಸರದ ಮಾತಾಡುವವನೆಂದು ಕೇರಿಯಲ್ಲಿ ನನಗೊಂದು ಹೆಸರಿದೆ. ‘ನೀವಾದರೂ ಬುದ್ಧಿ ಹೇಳಿ’ ಎಂದು ಹುಡುಗನ ತಾಯಿ ಕರೆದರು. ಹೋಗಿ ಹೊಗೆಯ ಬಗ್ಗೆ, ಸದ್ದಿನ ಬಗ್ಗೆ, ಅಪಾಯದ ಬಗ್ಗೆ ಹೇಳಿದೆ. ಆತ ತಲೆ ತಗ್ಗಿಸಿ ಕೇಳಿದ. ಕೊನೆಗೆ ಒಂದೇ ಮಾತು ಆಡಿದ: “ಮಾವ, ಏಳು ಗಂಟೆ ಬಸ್ಸು ಬರ್ತಿದ್ರೆ ನಾನ್ಯಾಕೆ ಇದಕ್ಕೆ ಕೈ ಹಾಕ್ತಿದ್ದೆ?”

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಉತ್ತರವನ್ನು ಹುಡುಕುವ ಪ್ರಯತ್ನ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳೋಣ. ಹುಡುಗ ಮಾಡಿದ್ದು ಪುಂಡಾಟವಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿನಲ್ಲಿ ರೈಲು ಬಸ್ಸುಗಳು ತುಂಬಿ ತುಳುಕುತ್ತಿದ್ದ ಕಾಲ. 1946ರಲ್ಲಿ ಹಮಾಮತ್ಸು ಎಂಬ ಊರಿನಲ್ಲಿ ಸೊಯಿಚಿರೊ ಹೋಂಡಾ ಎಂಬಾತ ಸೈನ್ಯದ ವೈರ್‌ಲೆಸ್ ಯಂತ್ರಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಪುಟ್ಟ ಎಂಜಿನ್‌ಗಳನ್ನು ಸೈಕಲ್ಲಿಗೆ ಜೋಡಿಸಿದ. ಮೊದಲ ಗಾಡಿಯ ಟ್ಯಾಂಕು ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಡಬ್ಬಿಯಾಗಿತ್ತು. ಪೆಟ್ರೋಲಿಗೆ ಪಡಿತರವಿದ್ದುದರಿಂದ ಪೈನ್ ಮರದ ಎಣ್ಣೆಯನ್ನೂ ಬೆರೆಸಿ ಓಡಿಸಿದರು. ಅದೇ ಮುಂದೆ 1948ರಲ್ಲಿ ಹೋಂಡಾ ಕಂಪನಿಯಾಯಿತು. ನಮ್ಮಲ್ಲಿ 1972ರಲ್ಲಿ ಬಂದ ಲೂನಾ, 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50 ಇವೂ ಎಂಜಿನ್ ಹೊತ್ತ ಸೈಕಲ್ಲಿನ ಸೋದರರೇ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಪುಟ್ಟ ಪೆಟ್ರೋಲ್ ಎಂಜಿನ್ನಿನಿಂದ ಅಡಿಕೆ ಮರವನ್ನೇ ಏರುವ ಬೈಕನ್ನು ಮಾಡಿ 2019ರಲ್ಲಿ ದೇಶದ ಗಮನ ಸೆಳೆದರು. ಮರ ಹತ್ತುವ ಕೊನೆಗೌಡರು ಸಿಗದ ಸಂಕಟ ಆ ಯಂತ್ರದ ಹಿಂದಿತ್ತು. ಬಸ್ಸು ಸಿಗದ ಸಂಕಟ ಈ ಹುಡುಗನ ಯಂತ್ರದ ಹಿಂದಿದೆ. ಕೊರತೆಯೇ ಇಂಥ ಯಂತ್ರಗಳ ತಾಯಿ.

ಆದರೂ ಈ ಯಂತ್ರ ನಮಗೆ ಬೇಡವೆಂದೇ ನನ್ನ ವಾದ. ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಅದು ನಮ್ಮ ಏರುದಾರಿಗೆ ಒಗ್ಗುವುದಿಲ್ಲ. ಕಳೆಯಂತ್ರದ ಎಂಜಿನ್ ಶಕ್ತಿ ಕೊಡುವುದು ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗಿದಾಗ. 26 ಇಂಚಿನ ಸೈಕಲ್ ಚಕ್ರ ಗಂಟೆಗೆ 25 ಕಿ.ಮೀ. ವೇಗದಲ್ಲಿ ಉರುಳುವಾಗ ತಿರುಗುವುದು ನಿಮಿಷಕ್ಕೆ ಇನ್ನೂರು ಸುತ್ತು ಮಾತ್ರ. ಎಂಜಿನ್ನಿನ ಸುತ್ತನ್ನು ಮೂವತ್ತು ಪಟ್ಟಿಗಿಂತ ಹೆಚ್ಚು ತಗ್ಗಿಸಿ ಚಕ್ರಕ್ಕೆ ಮುಟ್ಟಿಸಬೇಕು. ಒಂದು ಚೈನು, ಎರಡು ಹಲ್ಲುಚಕ್ರಗಳಿಂದ ಅದು ಸಾಧ್ಯವಿಲ್ಲ. ಐದಾರು ಪಟ್ಟು ತಗ್ಗಬಹುದು ಅಷ್ಟೆ. ಸಮತಟ್ಟಿನಲ್ಲಿ ಹೇಗೋ ಓಡುವ ಗಾಡಿ ಏರಿನಲ್ಲಿ ಕ್ಲಚ್ ಜಾರಿಸಿ, ಕಾಯಿಸಿ, ಸುಟ್ಟುಕೊಳ್ಳುತ್ತದೆ. ಚೈನಿನ ಬದಲು ಟೈರಿಗೆ ಉರುಳೆ ಒತ್ತಿ ಓಡಿಸುವ ಉಪಾಯವೂ ಇದೆ. ಕೆಸರು ಮೆತ್ತಿದ ಟೈರಿನ ಮೇಲೆ ಜೂನ್ ತಿಂಗಳಲ್ಲಿ ಆ ಉರುಳೆ ಎಷ್ಟು ಹಿಡಿದೀತು ಎಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ.

ಎರಡನೆಯದು ಬ್ರೇಕು. ಓಡುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಗಂಟೆಗೆ 20 ಕಿ.ಮೀ. ವೇಗಕ್ಕಿಂತ 40ರ ವೇಗದಲ್ಲಿ ಅದೇ ಸೈಕಲ್ಲನ್ನು ನಿಲ್ಲಿಸಲು ನಾಲ್ಕು ಪಟ್ಟು ಶಕ್ತಿಯನ್ನು ಬ್ರೇಕು ನುಂಗಬೇಕು. ಶಾಲೆಗೆ ಹೋಗಿಬರಲೆಂದು ಮಾಡಿದ ಸೈಕಲ್ಲಿನ ಎರಡು ರಬ್ಬರ್ ತುಂಡುಗಳಿಗೆ ಆ ತ್ರಾಣವಿಲ್ಲ. ಉಕ್ಕಿನ ರಿಮ್ಮು ನೆನೆದರಂತೂ ಅವು ಜಾರುತ್ತವೆ. ಮೊದಲ ಮಳೆಯ ಮರುದಿನ ನಮ್ಮ ಹುಡುಗ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಚರಂಡಿಗೆ ಬಿದ್ದ. ಮೊಣಕೈ ಸುಲಿಯಿತು, ಬಾಟಲಿಯ ಪೆಟ್ರೋಲು ಬಿಸಿ ಎಂಜಿನ್ನಿನ ಪಕ್ಕದಲ್ಲೇ ಚೆಲ್ಲಿತು. ಬೆಂಕಿ ಹತ್ತದಿದ್ದುದು ಅದೃಷ್ಟ. ಅದೃಷ್ಟವನ್ನು ನಂಬಿ ದಿನಾ ಕಾಲೇಜಿಗೆ ಹೋಗಲಾಗದು.

ಮೂರನೆಯದು ಹೊಗೆ. ನಮ್ಮ ತೋಟಗಳಲ್ಲಿ ಬಳಸುವ ಕಳೆಯಂತ್ರಗಳಲ್ಲಿ ಹೆಚ್ಚಿನವು ಎರಡು ಸ್ಟ್ರೋಕಿನ ಎಂಜಿನ್‌ಗಳು. ಸುಟ್ಟ ಹೊಗೆ ಹೊರಗೆ ಹೋಗುವ ಹೊತ್ತಿಗೇ ಹೊಸ ಇಂಧನ ಒಳಗೆ ಬರುವುದರಿಂದ, ಕಾರ್ಬ್ಯುರೇಟರ್ ಇರುವ ಇಂಥ ಎಂಜಿನ್ನಿನಲ್ಲಿ ಇಂಧನದ ಕಾಲು ಭಾಗದಷ್ಟು ಸುಡದೆಯೇ ಹೊಗೆಕೊಳವೆಯಿಂದ ಹೊರಬೀಳಬಹುದು. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೂ ಅದರೊಂದಿಗೆ ಬರುತ್ತದೆ. ನೀಲಿ ಬಣ್ಣ ಅದರದ್ದೇ. ಮಾಲಿನ್ಯದ ನಿಯಮಗಳು ಬಿಗಿಯಾದಂತೆ ನಮ್ಮ ದೇಶದ ಮೋಪೆಡ್ಡುಗಳೂ ಎರಡು ಸ್ಟ್ರೋಕನ್ನು ಬಿಟ್ಟು ನಾಲ್ಕಕ್ಕೆ ಹೊರಳಿದವು. ರಸ್ತೆಯಿಂದ ಹೊರಹಾಕಿದ್ದನ್ನು ನಾವು ಹಿತ್ತಿಲ ಬಾಗಿಲಿನಿಂದ ಮತ್ತೆ ರಸ್ತೆಗೆ ತರುತ್ತಿದ್ದೇವೆ.

ಇಲ್ಲಿ ಅತಿಶಯೋಕ್ತಿ ಸಲ್ಲದು. ದಿನಕ್ಕೆ ಎಂಟು ಕಿಲೋಮೀಟರಿನಂತೆ ವರ್ಷದಲ್ಲಿ ಇನ್ನೂರು ದಿನ ಓಡಿಸಿದರೂ, ಲೀಟರಿಗೆ 50 ಕಿ.ಮೀ. ಎಂದು ಹಿಡಿದರೆ, ಹುಡುಗ ಸುಡುವುದು 32 ಲೀಟರ್ ಪೆಟ್ರೋಲು. ಲೀಟರಿಗೆ 2.3 ಕಿಲೋದಂತೆ 74 ಕಿಲೋ ಇಂಗಾಲದ ಡೈಆಕ್ಸೈಡ್. ವಾರಾಂತ್ಯಕ್ಕೆ ಬೆಂಗಳೂರಿನಿಂದ ಘಟ್ಟ ನೋಡಲು ಬರುವ ಒಂದು ಕಾರು ಎರಡು ಬಾರಿ ಬಂದು ಹೋಗುವಷ್ಟರಲ್ಲಿ ಇದಕ್ಕಿಂತ ಹೆಚ್ಚು ಉಗುಳುತ್ತದೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳಿಗೂ ಪಕ್ಕದ ಹೆದ್ದಾರಿಯ ಲಾರಿಗಳ ಹಾರನ್ನಿನ ಮುಂದೆ ಇವನ ಸದ್ದು ದೊಡ್ಡದಲ್ಲ. ಭೂಮಿಯ ತಾಪದ ಹೊರೆಯನ್ನು ಬಡ ಹುಡುಗನ ತಲೆಗೆ ಕಟ್ಟುವುದು ಪರಿಸರ ಪ್ರೇಮವಲ್ಲ. ನನ್ನ ಆತಂಕ ಬೇರೆ. ಆ ಹೊಗೆಯನ್ನು ಮೊದಲು ಕುಡಿಯುವವನು ಅವನೇ. ಮಾದರಿಯೊಂದು ಯಶಸ್ವಿಯಾದರೆ ಹತ್ತು ಮನೆಯ ಹುಡುಗರು ಹತ್ತು ಗಾಡಿ ಕಟ್ಟುತ್ತಾರೆ.

ನಾಲ್ಕನೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು ಎಂಜಿನ್ 25 ಸಿ.ಸಿ. ಮೀರದಿದ್ದರೆ ಅದು ಮೋಟಾರು ವಾಹನವಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ ಕಳೆಯಂತ್ರಗಳು ಸಾಮಾನ್ಯವಾಗಿ 35ರಿಂದ 52 ಸಿ.ಸಿ. ಹಾಗಾಗಿ ನೋಂದಣಿ ಬೇಕು. ಮನೆಯಲ್ಲಿ ಕಟ್ಟಿದ ಗಾಡಿಗೆ ಅದು ಸಿಗುವುದಿಲ್ಲ. ನೋಂದಣಿ ಇಲ್ಲದೆ ವಿಮೆಯಿಲ್ಲ. ನಾಳೆ ದಾರಿಯಲ್ಲಿ ಒಬ್ಬ ಮುದುಕಿಗೆ ತಾಗಿದರೆ ಪರಿಹಾರ ಕೊಡಬೇಕಾದ್ದು ಆ ಮನೆಯ ಅರ್ಧ ಎಕರೆ ತೋಟ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಒಡೆಯರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ತಾಯಂದಿರು ಇದನ್ನು ತಿಳಿದಿರಬೇಕು.

ಹಾಗಾದರೆ ಹಳೆಯ ಸೈಕಲ್ಲಿಗೆ ಬೇರೆ ದಾರಿಯಿಲ್ಲವೇ? ಇದೆ. ಚಕ್ರದ ಗುಂಬದಲ್ಲೇ ಕೂರುವ 250 ವಾಟ್‌ನ ವಿದ್ಯುತ್ ಮೋಟಾರು ಈಗ ಬಿಡಿಯಾಗಿ ದೊರೆಯುತ್ತದೆ. ಲೆಕ್ಕ ಹಾಕೋಣ. ಸವಾರ ಮತ್ತು ಸೈಕಲ್ ಸೇರಿ 100 ಕಿಲೋ ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 27 ವಾಟ್-ಗಂಟೆ. ಮೋಟಾರಿನ ನಷ್ಟ ಸೇರಿಸಿ 40 ಎನ್ನಿ. 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವಾಟ್-ಗಂಟೆ ಇರುತ್ತದೆ. ನಮ್ಮ ಕೇರಿಯಿಂದ ಹೆದ್ದಾರಿಗೆ ಹೋಗಿಬರಲು ಇದು ಧಾರಾಳ. 250 ವಾಟ್ ಮೋಟಾರು ನಾಲ್ಕು ಗಂಟೆ ಪೂರ್ಣ ಬಲದಿಂದ ಓಡಿದರೆ ಖರ್ಚಾಗುವುದು ಒಂದು ಯೂನಿಟ್ ಕರೆಂಟು. ಕಡಿದಾದ ಏರಿನಲ್ಲಿ ಕಾಲೂ ತುಳಿಯಬೇಕು, ವೇಗ ಗಂಟೆಗೆ ಹತ್ತಕ್ಕೆ ಇಳಿಯುತ್ತದೆ. ಸೈಕಲ್ ತಳ್ಳಿಕೊಂಡು ನಡೆಯುವುದಕ್ಕಿಂತ ಅದು ಎಷ್ಟೋ ಮೇಲು. 250 ವಾಟ್ ಮತ್ತು ಗಂಟೆಗೆ 25 ಕಿ.ಮೀ. ಮಿತಿಯೊಳಗಿನ ವಿದ್ಯುತ್ ಸೈಕಲ್ಲನ್ನು, ಪರೀಕ್ಷಾ ಸಂಸ್ಥೆ ಒಪ್ಪಿದ ಮೇಲೆ, ಕಾನೂನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಆದ್ದರಿಂದ ಬಿಡಿ ಮೋಟಾರು ಕೊಳ್ಳುವಾಗ ವೇಗದ ಮಿತಿಯನ್ನೂ ಪ್ರಮಾಣಪತ್ರವನ್ನೂ ಕೇಳಿ ಕೊಳ್ಳಬೇಕು. ಬ್ರೇಕನ್ನು ಮೊದಲು ಬದಲಿಸಬೇಕು, ಮೋಟಾರು ಆಮೇಲೆ. ಲಿಥಿಯಂ ಬ್ಯಾಟರಿಗೆ ಅದರದೇ ಚಾರ್ಜರ್ ಬೇಕು. ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲಿ, ರಾತ್ರಿಯಿಡೀ ಯಾರೂ ನೋಡದ ಕಡೆ ಅದನ್ನು ಚಾರ್ಜಿಗಿಡಬಾರದು.

‘ಕರೆಂಟೇನು ಸಾಧುವೇ?’ ಎಂದು ಹಿರಿಯರು ಕೇಳಬಹುದು. ಕೇಳುವ ಹಕ್ಕು ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗಿಂತ ಹೆಚ್ಚು ಇನ್ನಾರಿಗಿದೆ? 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಮನೆ ತೋಟ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಶೆಟ್ಟಿಹಳ್ಳಿ ಕಾಡಿನ ಅಂಚಿನಲ್ಲಿ ಹಕ್ಕುಪತ್ರಕ್ಕಾಗಿ ದಶಕಗಳಿಂದ ಅಲೆದಿದ್ದಾರೆ. ಇತ್ತೀಚೆಗೆ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧ ಮತ್ತೆ ಬೀದಿಗಿಳಿಯಬೇಕಾಯಿತು. ಕರೆಂಟಿನ ಬೆಲೆ ನಮಗೆ ಗೊತ್ತು. ಗೊತ್ತಿರುವುದರಿಂದಲೇ ಹೇಳುತ್ತೇನೆ: ನಮ್ಮ ನೆಲವನ್ನು ಮುಳುಗಿಸಿ ತೆಗೆದ ವಿದ್ಯುತ್ತಿನಲ್ಲಿ ದಿನಕ್ಕೆ ಕಾಲು ಯೂನಿಟ್ಟು ನಮ್ಮ ಮಗನೊಬ್ಬನನ್ನು ಕಾಲೇಜಿಗೆ ತಲುಪಿಸುವುದಾದರೆ, ಅದಕ್ಕಿಂತ ಸಾರ್ಥಕ ಬಳಕೆ ಬೇರೊಂದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಹುಡುಗನ ಪ್ರಶ್ನೆ ಹಾಗೆಯೇ ಉಳಿದಿದೆ. ಬಸ್ಸೆಲ್ಲಿ? 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿದ ಸಹಕಾರ ಸಾರಿಗೆ ಮಲೆನಾಡಿನ ಒಳದಾರಿಗಳಲ್ಲಿ ಓಡಿ ತಲೆಮಾರಿನ ಮಕ್ಕಳನ್ನು ಓದಿಸಿತು, 2020ರಲ್ಲಿ ನಿಂತಿತು. ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿ ಕೋವಿಡ್ ಕಾಲದಲ್ಲಿ ನಿಂತಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಸರ್ಕಾರಿ ಬಸ್ಸೇ ಕಾಣದ ಊರಿನ ಹುಡುಗಿಗೆ ಅದರಿಂದ ಏನು ದಕ್ಕಿತು? ಎಂಜಿನ್ ಕಟ್ಟುವ ಹುಡುಗನಾದರೂ ಹೇಗೋ ಕಾಲೇಜು ಮುಟ್ಟುತ್ತಾನೆ. ಅದೇ ಕೇರಿಯ ಹುಡುಗಿಯರು ಮಳೆಗಾಲದ ಕತ್ತಲಲ್ಲಿ ನಾಲ್ಕು ಕಿಲೋಮೀಟರ್ ನಡೆಯಲಾರದೆ ಓದು ಬಿಡುತ್ತಾರೆ. ಅವರು ಯಾವ ಯಂತ್ರವನ್ನೂ ಮಾಡಲಿಲ್ಲವಾದ್ದರಿಂದ ಅವರ ಸುದ್ದಿ ಯಾರಿಗೂ ಕೇಳುವುದಿಲ್ಲ.

ಆದ್ದರಿಂದ ಮೂರು ಕೆಲಸಗಳನ್ನು ಮುಂದಿಡುತ್ತೇನೆ. ಮೊದಲನೆಯದು, ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸಿಗಾಗಿ ಪ್ರತಿ ಗ್ರಾಮಸಭೆಯಲ್ಲೂ ಠರಾವು ಮಾಡಿ ಸಾರಿಗೆ ನಿಗಮಕ್ಕೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ ಕಳಿಸೋಣ. ಯಾವ ಕೇರಿಯಿಂದ ಎಷ್ಟು ವಿದ್ಯಾರ್ಥಿಗಳು ಎಂಬ ಪಟ್ಟಿಯನ್ನೂ ಲಗತ್ತಿಸೋಣ. ಎರಡನೆಯದು, ಕೊಟ್ಟಿಗೆಗಳಲ್ಲಿ ಬಿದ್ದಿರುವ ಸರ್ಕಾರಿ ಸೈಕಲ್‌ಗಳನ್ನು ಒಂದೆಡೆ ಸೇರಿಸಿ, ರಜೆಯಲ್ಲಿ ವಿದ್ಯಾರ್ಥಿಗಳಿಂದಲೇ ಬ್ರೇಕು, ಬೇರಿಂಗ್, ಟೈರು ರಿಪೇರಿ ಮಾಡಿಸೋಣ. ಮೂರನೆಯದು, ಊರಿನವರು ಕೂಡಿ ಒಂದೇ ಒಂದು ವಿದ್ಯುತ್ ಸೈಕಲ್ಲನ್ನು ಮಾದರಿಗಾಗಿ ತರಿಸಿ, ಮಳೆಗಾಲವಿಡೀ ಓಡಿಸಿ, ಖರ್ಚು ರಿಪೇರಿಗಳ ಲೆಕ್ಕವನ್ನು ಇದೇ ಪುಟದಲ್ಲಿ ಪ್ರಕಟಿಸೋಣ. ಅದು ಸೋತರೆ ಸೋತಿತೆಂದೇ ಬರೆಯೋಣ.

ನಮ್ಮ ಹುಡುಗ ಇನ್ನೂ ಪೂರ್ತಿ ಒಪ್ಪಿಲ್ಲ. “ಬ್ಯಾಟರಿ ದುಡ್ಡು ಯಾರು ಕೊಡ್ತಾರೆ ಮಾವ?” ಎಂದು ಕೇಳಿದ್ದಾನೆ. ನ್ಯಾಯವಾದ ಪ್ರಶ್ನೆ. ಸದ್ಯಕ್ಕೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಗಿದೆ: ಆತ ಆ ಗಾಡಿಯನ್ನು ಹೆದ್ದಾರಿಗೆ ತರುವುದಿಲ್ಲ, ನಾನು ಬರುವ ಗ್ರಾಮಸಭೆಗೆ ಅವನೊಂದಿಗೆ ಹೋಗಿ ಬಸ್ಸಿನ ಅರ್ಜಿ ಕೊಡುತ್ತೇನೆ. ಅರ್ಜಿಯನ್ನು ಬರೆದವನು ಅವನೇ. ಕೆಳಗೆ ಸಹಿ ಹಾಕಿದವರಲ್ಲಿ ಮೊದಲ ಹೆಸರು ಸೈಕಲ್ಲಿನ ಮೂಲ ಒಡತಿಯಾದ ಅವನ ಅಕ್ಕನದು.