ವಿಪತ್ತುಗಳು ಹೆಚ್ಚಿರುವುವೇ?

ಮಳೆಗಾಲವು ಬಂದಿತೆಂದರೆ ಎಲ್ಲಿ ಗುಡ್ಡ ಜರಿಯಿತು, ಎಲ್ಲಿ ಹೊಳೆಯು ಊರನ್ನು ಹೊಕ್ಕಿತು ಎಂದು ಕಳವಳಪಡುವ ಸ್ಥಿತಿಯು ನಮ್ಮ ನಾಡಿಗೆ ಒದಗಿದೆ. ೨೦೨೩ರಲ್ಲಿ ಕರ್ನಾಟಕದ ೨೩೬ ತಾಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಮರುವರ್ಷವೇ ಉತ್ತರ ಕನ್ನಡದ ಶಿರೂರಿನಲ್ಲಿ ಅತಿವೃಷ್ಟಿಗೆ ಗುಡ್ಡವು ಹೆದ್ದಾರಿಯ ಮೇಲೆ ಕುಸಿಯಿತು. ಇವೆಲ್ಲ ಕಲಿಗಾಲದ ಲಕ್ಷಣವೆಂದು ನಿಟ್ಟುಸಿರಿಡುವವರು ಕೆಲವರು. ಇಂಥವು ಹಿಂದೆಯೂ ಇದ್ದುವು, ಈಗ ಸುದ್ದಿಯು ಬೇಗ ಹಬ್ಬುವುದರಿಂದ ಹೆಚ್ಚಾದಂತೆ ತೋರುವುದಷ್ಟೆ ಎಂದು ಸಮಾಧಾನ ಹೇಳುವವರು ಕೆಲವರು. ಯಾವುದು ದಿಟವೆಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ. ಏಕೆಂದರೆ ಸರಕಾರವು ಮಾಡತಕ್ಕ ಕೆಲಸವು ಆ ಉತ್ತರವನ್ನೇ ಅವಲಂಬಿಸಿದೆ.

ಹಿಂದಿನದು ಸುಖದ ಕಾಲವಾಗಿರಲಿಲ್ಲವೆಂಬುದು ನಿರ್ವಿವಾದ. ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು, ಧಾತು-ಈಶ್ವರ ಸಂವತ್ಸರಗಳ ಕ್ಷಾಮವು ಕಳೆದ ಬಳಿಕ, ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಭೂಕಂಪಗಳಾದರೋ ೧೯೩೪ರಲ್ಲಿ ಬಿಹಾರವನ್ನೂ ೧೯೯೩ರಲ್ಲಿ ಲಾತೂರು ಸೀಮೆಯನ್ನೂ ಹಾಳುಗೆಡಹಿದಂತೆ ಆಗಾಗ ಸಂಭವಿಸುತ್ತಲೇ ಬಂದಿವೆ. ಅವು ಹೆಚ್ಚಿವೆಯೆನ್ನಲು ಆಧಾರವಿಲ್ಲ. ವಿಶ್ವ ಹವಾಮಾನ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ವರದಿಯಂತೆ, ೧೯೭೦ರಿಂದ ೫೦ ವರ್ಷಗಳಲ್ಲಿ ಗಾಳಿ, ಮಳೆ, ನೆರೆಗಳ ವಿಪತ್ತುಗಳು ಐದುಮಡಿಯಾಗಿ ದಾಖಲೆಯಾದುವು. ಆದರೆ ಅದರಲ್ಲಿ ಒಂದು ಪಾಲು ವರದಿಮಾಡುವ ವ್ಯವಸ್ಥೆಯು ಸುಧಾರಿಸಿದುದರ ಫಲ. ಎಣಿಕೆಯೊಂದನ್ನೇ ನೆಚ್ಚಿ ತೀರ್ಪುಕೊಡಲಾಗದು.

ಬಿಸಿಲು ಮಳೆಗಳ ಮಾತು ಹಾಗಲ್ಲ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದುದರಿಂದ ಭೂಮಿಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿದ್ದುದಕ್ಕಿಂತ ೧ ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾಗಿ ಕಾದಿದೆ. ಗಾಳಿಯು ಒಂದು ಡಿಗ್ರಿ ಕಾದರೆ ಶೇಕಡಾ ೭ರಷ್ಟು ಹೆಚ್ಚು ನೀರಾವಿಯನ್ನು ಧರಿಸಬಲ್ಲದು. ಸುರಿಯುವಾಗ ಅದು ಒಮ್ಮೆಲೇ ಸುರಿಯುವುದು. ಮಧ್ಯ ಭಾರತದಲ್ಲಿ ೧೯೫೦ರಿಂದ ೨೦೧೫ರ ವರೆಗೆ ಒಟ್ಟು ಮುಂಗಾರು ಮಳೆಯು ಕುಗ್ಗುತ್ತ ಬಂದರೂ ವಿಸ್ತಾರವಾದ ಪ್ರದೇಶವನ್ನು ವ್ಯಾಪಿಸುವ ಅತಿವೃಷ್ಟಿಗಳು ಮೂರುಮಡಿಯಾದುವು. ಚಂಡಮಾರುತಗಳ ಒಟ್ಟು ಸಂಖ್ಯೆಯು ಜಗತ್ತಿನಲ್ಲಿ ಏರಿಲ್ಲ. ಆದರೆ ಅವುಗಳಲ್ಲಿ ಪ್ರಬಲವಾದವುಗಳ ಪಾಲು ಏರಿದೆ, ನಮ್ಮ ಅರಬ್ಬೀ ಸಮುದ್ರದಲ್ಲಂತೂ ಸಂಖ್ಯೆಯೂ ಏರಿದೆ. ೨೦೨೪ರ ಜುಲೈ ೩೦ರಂದು ವಯನಾಡಿನಲ್ಲಿ ೨೫೦ಕ್ಕೂ ಮಿಕ್ಕು ಜನರನ್ನು ಬಲಿಗೊಂಡ ಮಳೆಯು ಈ ತಾಪದ ಕಾರಣದಿಂದಲೇ ಸುಮಾರು ಶೇಕಡಾ ೧೦ರಷ್ಟು ಅಧಿಕವಾಗಿತ್ತೆಂದು ವಿಜ್ಞಾನಿಗಳು ಲೆಕ್ಕ ಕಟ್ಟಿದ್ದಾರೆ.

ಹಾಗೆಂದು ಆಕಾಶವನ್ನು ದೂರಿ ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ. ಒಡಿಶಾದಲ್ಲಿ ೧೯೯೯ರ ಚಂಡಮಾರುತಕ್ಕೆ ಸುಮಾರು ೧೦,೦೦೦ ಜನರು ತುತ್ತಾದರು. ೨೦೧೩ರ ಫೈಲಿನ್ ಮಾರುತವು ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮುಂಚಿತವಾಗಿ ಸಾಗಿಸಿದುದರಿಂದ ಸತ್ತವರ ಸಂಖ್ಯೆಯು ಕೆಲವು ಹತ್ತುಗಳನ್ನು ಮೀರಲಿಲ್ಲ. ಗಾಳಿಯ ಬಲವನ್ನು ತಗ್ಗಿಸಲು ಯಾರಿಂದಲೂ ಆಗಲಿಲ್ಲ. ತಗ್ಗಿದುದು ಅಧಿಕಾರಿಗಳ ಅಜಾಗ್ರತೆ.

ನಮ್ಮ ಮಲೆನಾಡಿನಲ್ಲಿ ಇಂತಹ ಜಾಗ್ರತೆಯು ಎಲ್ಲಿದೆ? ೨೦೧೮ರಲ್ಲಿ ಕೊಡಗಿನ ಗುಡ್ಡಗಳು ಜರಿದುವು. ಶಿರೂರಿನಲ್ಲಿ ಜರಿದುದು ರಸ್ತೆಯ ಅಗಲಿಕೆಗಾಗಿ ಬುಡ ಕಡಿದಿದ್ದ ಗುಡ್ಡ. ಮಳೆಯು ಬಿರುಸಾಗುತ್ತಿರುವ ಕಾಲದಲ್ಲಿ ಇಳಿಜಾರಿನ ಮಣ್ಣನ್ನು ಸಡಿಲಿಸುವುದು ಉರಿಯುವ ಮನೆಗೆ ತುಪ್ಪ ಸುರಿದಂತೆಯೇ ಸರಿ. ಪಶ್ಚಿಮಘಟ್ಟಗಳ ರಕ್ಷಣೆಗಾಗಿ ಕಸ್ತೂರಿರಂಗನ್ ಸಮಿತಿಯು ೨೦೧೩ರಲ್ಲಿ ಕೊಟ್ಟ ವರದಿಯನ್ನು ರಾಜ್ಯದ ಮಂತ್ರಿಮಂಡಲವು ೨೦೨೪ರ ಸೆಪ್ಟೆಂಬರಿನಲ್ಲಿ, ಅಂದರೆ ಶಿರೂರಿನ ದುರಂತವು ನಡೆದ ಎರಡೇ ತಿಂಗಳಿಗೆ, ತಿರಸ್ಕರಿಸಿತು. ತೋಟ-ಗದ್ದೆಗಳ ಜೀವನಕ್ಕೆ ಕುತ್ತು ಬಂದೀತೆಂಬ ರೈತರ ಭಯವನ್ನು ನಾವು ಹಗುರಾಗಿ ಎಣಿಸುವುದಿಲ್ಲ. ಆದರೆ ಆ ಭಯಕ್ಕೆ ಪರಿಹಾರವು ವರದಿಯನ್ನು ಮೂಲೆಗೆಸೆಯುವುದಲ್ಲ. ಗ್ರಾಮಗ್ರಾಮಕ್ಕೂ ಹೋಗಿ, ಜನರ ಎದುರಿನಲ್ಲಿಯೇ ಯಾವ ಗುಡ್ಡವು ಅಪಾಯದ್ದು, ಯಾವುದನ್ನು ಕಡಿಯಬಾರದು ಎಂಬುದನ್ನು ಗುರುತಿಸಿ, ಅದನ್ನು ರಸ್ತೆ ಗುತ್ತಿಗೆದಾರನ ಮೇಲೂ ಗಣಿಯ ಒಡೆಯನ ಮೇಲೂ ಮೊದಲು ಜಾರಿಗೆ ತರುವುದು.

ವಿಪತ್ತುಗಳೆಲ್ಲವೂ ಹೆಚ್ಚಿಲ್ಲ, ಹೆಚ್ಚಿರುವುವು ಮನುಷ್ಯನ ಕೈವಾಡವಿರುವಂಥವು. ಅವನ್ನು ದೈವದ ಲೆಕ್ಕಕ್ಕೆ ಬರೆದು, ಸತ್ತವರ ಮನೆಗೆ ಪರಿಹಾರಧನವನ್ನು ಹಂಚುವುದರಲ್ಲಿಯೇ ಆಡಳಿತದ ಹೊಣೆಯು ತೀರಿತೆಂದು ಭಾವಿಸಕೂಡದು.